ಮೈಕ್ ತೆರೆದೇ ಇತ್ತು

ಮರಾಠಿ ನಾಡಿನ ಶಿರೂರಿನ ಪೇಟೆಯಲ್ಲಿ ಸಿದ್ದಾರೂಢ, ಶಿವಬಸವ್ವ ದಂಪತಿಯ ರೊಟ್ಟಿ ಅಂಗಡಿ ಇದೆ. ಅವರು ಧಾರವಾಡದ ಕಡೆಯವರು. ನಾಲ್ವರು ಹೆಂಗಸರು ಅಲ್ಲಿ ರೊಟ್ಟಿ ಬಡಿದು ಸಂಸಾರ ನಡೆಸುತ್ತಾರೆ. ಈಚೆಗೆ ವ್ಯಾಪಾರ ಬಿದ್ದುಹೋಗಿತ್ತು. ಹತ್ತಿರದ ರಾಂಜಣಗಾಂವದ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ದಿನಾ ರೊಟ್ಟಿ ಬೇಕೆಂದು ತಿಳಿದಾಗ ಎಲ್ಲರಿಗೂ ಜೀವ ಬಂದಂತಾಯಿತು. ಆ ಆರ್ಡರ್ ಸಿಗದಿದ್ದರೆ ಅಂಗಡಿ ಮುಚ್ಚಬೇಕಿತ್ತು.

ಕ್ಯಾಂಟೀನಿನ ಕಚೇರಿ ಇರುವುದು ದೂರದ ವಿಮಾನ ನಗರದಲ್ಲಿ. ಖರೀದಿ ನೋಡಿಕೊಳ್ಳುವ ನೀಲಿಮಾ, ವಿಡಿಯೊ ಮೀಟಿಂಗಿನಲ್ಲಿ ಮಾತಾಡೋಣ ಎಂದು ಲಿಂಕ್ ಕಳಿಸಿದರು. ಪಕ್ಕದ ಮನೆಯ ಶಿವಾನಿ ಸೀರೆ ವ್ಯಾಪಾರದವಳು, ಗಿರಾಕಿಗಳಿಗೆ ವಿಡಿಯೊದಲ್ಲೇ ಸೀರೆ ತೋರಿಸುತ್ತಾಳೆ. ಮೊದಲೇ ಒಮ್ಮೆ ವಿಡಿಯೊ ಹಚ್ಚಿ ನೋಡೋಣ ಎಂದು ಅವಳು ಕರೆದರೆ ಸಿದ್ದಾರೂಢ ಕೇಳಲಿಲ್ಲ.

"ಫೋನಿನ್ಯಾಗ ಮಾತಾಡ್ಲಿಕ್ಕ ಏನ್ ಕಲಿಯೂದದ?" ಎಂದ.

ಮೀಟಿಂಗಿನ ದಿನ ಕಿಟಕಿಗೆ ಬೆನ್ನು ಮಾಡಿ ಕೂತದ್ದರಿಂದ ಅವನ ಮುಖವೇ ಕಾಣಲಿಲ್ಲ. ಮಾತು ಮರಾಠಿಯಲ್ಲಿ ನಡೆಯಿತು. ರೊಟ್ಟಿ ಎಷ್ಟು ದಿನ ಮೆತ್ತಗಿರುತ್ತದೆ ಎಂದು ನೀಲಿಮಾ ಕೇಳಿದರು. ಗಿರಾಕಿಗೆ ತಿಳಿಯಬಾರದ್ದನ್ನು ಅವರೆದುರೇ ಕನ್ನಡದಲ್ಲಿ ಆಡಿಬಿಡುವ ಚಟ ಇಲ್ಲಿರುವ ನಮ್ಮ ಕನ್ನಡದವರಿಗೆಲ್ಲ ಇದೆ. ಸಿದ್ದಾರೂಢನೂ ಹೆಂಡತಿಯ ಕಡೆ ಹೊರಳಿದ.

"ಎ.ಸಿ.ಯಾಗ ಕೂತಾಕಿಗೆ ರೊಟ್ಟಿ ಬಗ್ಗೆ ಏನ್ ಗೊತ್ತದ? ಸುಮ್ನ ಎರಡ ದಿನ ಅಂತ ಹೇಳು."

ಮೈಕ್ ತೆರೆದೇ ಇತ್ತು.

"ನಮ್ಮವ್ವ ಬೆಳಗಾವ್ಯಾಗ ರೊಟ್ಟಿ ಬಡದು ನನ್ನ ಓದಿಸ್ಯಾಳ್ರಿ," ಎಂದು ನೀಲಿಮಾ ಕನ್ನಡದಲ್ಲೇ ಹೇಳಿ ಮೀಟಿಂಗ್ ಮುಗಿಸಿದರು.

ರೊಟ್ಟಿ ಬಡಿಯುವವರಲ್ಲಿ ಹಿರಿಯಳಾದ ಗಂಗೂಬಾಯಿ, ನಾಳೆಯಿಂದ ಬರಬೇಕೋ ಬೇಡವೋ ಎಂದಷ್ಟೇ ಕೇಳಿದಳು. ಸಿದ್ದಾರೂಢ ಎದ್ದು ಶಿವಾನಿಯ ಮನೆಗೆ ಹೋದ.

ಶಿವಾನಿ ಹಂಗಿಸಲಿಲ್ಲ. ಫೋನನ್ನು ಕೈಯಲ್ಲಿ ಹಿಡಿಯದೆ ಕಣ್ಣಿನ ಮಟ್ಟಕ್ಕೆ ಡಬ್ಬಿಗೆ ಆನಿಸಿಟ್ಟಳು. ಬೆಳಕು ಮುಖದ ಮೇಲೆ ಬೀಳುವಂತೆ ಅವನನ್ನು ಕೂರಿಸಿದಳು. ಮಾತಾಡುವಾಗ ಮಾತ್ರ ಮೈಕ್ ತೆರೆಯುವುದು, ಎದುರಿನವರು ಮುಗಿಸುವ ತನಕ ಕಾಯುವುದು, ಹೊತ್ತಿಗೆ ಮೊದಲೇ ಬಂದು ಕೂರುವುದು, ಎಲ್ಲವನ್ನೂ ತನ್ನ ಫೋನಿಗೇ ಕರೆ ಮಾಡಿಸಿ ಕಲಿಸಿದಳು.

"ಕಾಕಾ, ಮೈಕ್ ಬಂದ್ ಇದ್ರೂ ಮಾರಿ ಕಾಣ್ತದ. ಅವ್ರು ನಿಮ್ಮ ಮನ್ಯಾಗ ಎದುರಿಗೆ ಕೂತಾರ ಅಂತನ ತಿಳ್ಕೋರಿ."

ಇನ್ನೊಂದು ಸಲ ಮಾತಾಡಿರೆಂದು ಶಿವಬಸವ್ವ ಕೇಳಿಕೊಂಡಾಗ ನೀಲಿಮಾ ಒಪ್ಪಿದರು. ಆ ಮೀಟಿಂಗಿನಲ್ಲಿ ಸಿದ್ದಾರೂಢ ಕ್ಯಾಮೆರಾವನ್ನೇ ನೋಡಿ ಕೈ ಮುಗಿದ.

"ಅವತ್ತ ನಾ ಆಡಿದ್ದು ತಪ್ಪಾತ್ರಿ. ಸಿಟ್ಟು ನನ್ನ ಮ್ಯಾಲಿರಲಿ, ರೊಟ್ಟಿ ಬಡಿಯೋರ ಮ್ಯಾಲ ಬ್ಯಾಡ್ರಿ."

ನೀಲಿಮಾ ನಗಲಿಲ್ಲ. ಅದೇ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದರು. ಮೆತ್ತಗಿರುವುದು ಒಂದೇ ದಿನ ಎಂದು ಶಿವಬಸವ್ವ ಇದ್ದದ್ದನ್ನು ಇದ್ದಂತೆ ಹೇಳಿದಳು. ಹಾಗಾದರೆ ದಿನಾ ಬೆಳಿಗ್ಗೆ ಬಿಸಿಯಾಗಿಯೇ ಕಳಿಸಿ, ಒಂದು ವಾರ ನೋಡೋಣ ಎಂದರು ನೀಲಿಮಾ. ಮರುದಿನ ಎಲ್ಲರಿಗಿಂತ ಮೊದಲು ಬಂದು ಒಲೆ ಹಚ್ಚಿದವಳು ಗಂಗೂಬಾಯಿ.

ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ವ್ಯಾಪಾರದ ಮಾತೂ ಫೋನಿನ ಪರದೆಯಲ್ಲೇ ನಡೆಯಬಹುದು. ನಾಚಿಕೆ ಬಿಟ್ಟು ಗೊತ್ತಿದ್ದವರನ್ನು ಕೇಳಿ, ಒಮ್ಮೆ ಹಚ್ಚಿ ನೋಡಿ ಕಲಿಯಿರಿ. ಎದುರಿನವರನ್ನು ಮರ್ಯಾದೆಯಿಂದ ಕಾಣಿರಿ. ನಿಮ್ಮ ಆ ಮಾತನ್ನು ನಂಬಿ ಇನ್ನೊಬ್ಬರ ಮನೆಯ ಒಲೆಯೂ ಉರಿಯುತ್ತಿರುತ್ತದೆ.