ಎದುರುಬದುರು ಪುಟ

"ಈ ಊರಲ್ಲಿ ಜನಾನೇ ಇಲ್ವೇನ್ರೀ?" ಫೋನಿನಲ್ಲಿ ಸಂಪಾದಕರು ರೇಗಿದರು. "ಮೊದಲನೇ ಊರಿನ ಫೋಟೋದಲ್ಲಿ ಜೀವ ತುಂಬಿ ತುಳುಕ್ತಿದೆ. ಇದರಲ್ಲಿ ಬರೀ ಗೋಡೆ, ಕಿಟಕಿ, ಮೆಟ್ಟಿಲು. ಎದುರುಬದುರು ಪುಟದಲ್ಲಿ ಹಾಕಿದ್ರೆ ಮದುವೆಮನೆ ಪಕ್ಕ ಬೀಗ ಜಡಿದ ಮನೆ ಇಟ್ಟ ಹಾಗಿರುತ್ತೆ. ನಾಳೆಯೊಳಗೆ ಒಂದಾದ್ರೂ ಮುಖ ಕಳಿಸಿ."

ಅವಳು ಹೋಟೆಲಿನ ಮಂಚದ ಮೇಲೆ ಕ್ಯಾಮೆರಾ ಒರೆಸುತ್ತ ಕೂತಿದ್ದಳು. ಸಂಪಾದಕರ ಮಾತು ಸುಳ್ಳಲ್ಲ. ಮೊದಲನೆಯದು ಬಂದರಿನ ಊರು. ಅಲ್ಲಿ ಕ್ಯಾಮೆರಾ ಎತ್ತುವ ಮೊದಲೇ ಜನ ಅಡ್ಡ ಬಂದು ನಿಲ್ಲುತ್ತಿದ್ದರು. ಮೀನು ಮಾರುವವಳು ತಕ್ಕಡಿ ಬಿಟ್ಟು ತಲೆಗೂದಲು ಸರಿಮಾಡಿಕೊಂಡಳು. ಹಮಾಲಿಯೊಬ್ಬ ಬೆನ್ನ ಮೇಲಿನ ಮೂಟೆ ಇಳಿಸದೆಯೇ "ಹೊಟ್ಟೆ ಕಾಣದ ಹಾಗೆ ತೆಗೀರಿ ಮೇಡಂ" ಎಂದ. ಈ ಊರಿನದು ಬೇರೆಯೇ ಜಾಯಮಾನ. ಬೂದು ಕಲ್ಲಿನ ಕಟ್ಟಡಗಳು, ದಾರ ಹಿಡಿದು ಎಳೆದಂಥ ಬೀದಿಗಳು. ಜನ ಕ್ಯಾಮೆರಾ ಕಂಡರೆ ಮುಖ ತಿರುಗಿಸಿ ಸರಸರ ನಡೆದುಬಿಡುತ್ತಿದ್ದರು. ನಿಜ ಹೇಳಬೇಕೆಂದರೆ, ಈ ಊರಲ್ಲಿ ಅವಳಿಗೆ ನೋಡಬೇಕೆನಿಸಿದ ಮುಖ ಒಂದೇ, ಅಕ್ಕನದು. ಅದನ್ನು ನೋಡಿ ಏಳು ವರ್ಷವಾಗಿತ್ತು.

ಅಮ್ಮ ತೀರಿಕೊಂಡಾಗ ಅವಳು ದೂರದ ಮರುಭೂಮಿಯಲ್ಲಿ ಒಂಟೆಸಾಲಿನ ಚಿತ್ರ ತೆಗೆಯುತ್ತಿದ್ದಳು. ಸುದ್ದಿ ಮುಟ್ಟಿ ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಲೋಕಾನೆಲ್ಲ ಆ ತೂತಲ್ಲಿ ನೋಡ್ತೀಯ. ಅಮ್ಮನ್ನ ನೋಡೋಕೆ ಪುರಸೊತ್ತಾಗ್ಲಿಲ್ಲ ನಿಂಗೆ," ಎಂದಿದ್ದಳು ಅಕ್ಕ. ಅವಳೂ ಸುಮ್ಮನಿರದೆ, "ನೀನು ತಿಳಿಸಿದ್ದೇ ತಡವಾಗಿ," ಎಂದುಬಿಟ್ಟಳು. ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತುಹೋಯಿತು.

ಮರುದಿನ ಬೆಳಗ್ಗೆ ಅವಳು ಅಕ್ಕನ ಮನೆಯ ಎದುರು ಫುಟ್‌ಪಾತಿನಲ್ಲಿ ನಿಂತಿದ್ದಳು. ಮೂರನೇ ಮಹಡಿಯ ಬಾಲ್ಕನಿಗೆ ಅಕ್ಕ ಬಂದಳು. ಸೊರಗಿಹೋಗಿದ್ದಳು. ದಿಂಬಿನ ಚೀಲವನ್ನು ಗದ್ದದಡಿ ಸಿಕ್ಕಿಸಿಕೊಂಡು ಮಡಚುತ್ತಿದ್ದ ರೀತಿ ಥೇಟ್ ಅಮ್ಮನದೇ. ಕ್ಯಾಮೆರಾ ತಾನಾಗಿ ಕಣ್ಣಿಗೇರಿತು, ಆದರೆ ಬೆರಳು ಒತ್ತಲಿಲ್ಲ. ಅಷ್ಟರಲ್ಲಿ ಅಕ್ಕ ಕೆಳಗೆ ನೋಡಿದಳು.

"ಬೀದೀಲಿ ನಿಂತು ಕದ್ದು ನೋಡೋದೇನೇ? ಮೇಲೆ ಬಾ. ಲಿಫ್ಟ್ ಕೆಟ್ಟಿದೆ, ನಿಧಾನ ಹತ್ತು."

ಬಾಗಿಲು ತೆರೆದೇ ಇತ್ತು. "ಫೋಟೋ ತೆಗೆಯೋಕೆ ಬಂದ್ಯೋ, ನನ್ನ ನೋಡೋಕೆ ಬಂದ್ಯೋ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎರಡಕ್ಕೂ."

"ಕೂತ್ಕೊ," ಎಂದು ಅಕ್ಕ ಟೀ ಇಟ್ಟಳು. ಬೆನ್ನು ತಿರುಗಿಸಿಕೊಂಡೇ, "ಹೋದ ವರ್ಷ ನಿಮ್ಮ ಪತ್ರಿಕೇಲಿ ಒಂದು ಸೇತುವೆ ಫೋಟೋ ಹಾಕಿದ್ದೆಯಲ್ಲ, ಅದರಲ್ಲಿ ನೀರು ವಾಲಿಕೊಂಡಿತ್ತು," ಎಂದಳು.

"ಅದು ಬೇಕಂತಲೇ ಅಕ್ಕ."

"ಬೇಕಂತ ಯಾರಾದ್ರೂ ನೀರು ಓರೆ ಮಾಡ್ತಾರಾ?"

ಅವಳು ನಕ್ಕಳು. ಮರುಗಳಿಗೆ ಅವಳಿಗೆ ಹೊಳೆಯಿತು: ಆ ಪತ್ರಿಕೆ ಈ ಊರಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಚಂದಾ ಕಟ್ಟಿ ತರಿಸಬೇಕಿತ್ತು.

ಟೀ ಆರುತ್ತಿತ್ತು. "ನಾನು ತಿಳಿಸಿದ್ದು ತಡವೇ ಕಣೆ," ಎಂದಳು ಅಕ್ಕ, ಲೋಟ ನೋಡುತ್ತ. "ಅಮ್ಮ ಬೇಡ ಅಂದ್ಲು. 'ಅವಳು ಬಂದುಬಿಟ್ರೆ ನಾನು ಹೋಗೋದು ಖಾತ್ರಿ ಅಂತಾಯ್ತು, ಈಗಲೇ ಕರೀಬೇಡ' ಅಂದ್ಲು. ಅವಳ ಮಾತು ಕೇಳಿಬಿಟ್ಟೆ. ಕೇಳಬಾರದಿತ್ತು."

"ನಾನೂ ಆ ವಾರ ಒಂದು ಫೋನ್ ಮಾಡಬಹುದಿತ್ತು."

"ಮಾಡಬಹುದಿತ್ತು," ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಫೋನು ಹೊಡೆದುಕೊಂಡಿತು. ಅವಳು ಎತ್ತಿ, "ಸರ್, ಇಲ್ಲಿಂದ ಮುಖ ಕಳಿಸೋಕಾಗಲ್ಲ. ಗೋಡೆಗಳನ್ನೇ ಹಾಕಿ," ಎಂದು ಇಟ್ಟುಬಿಟ್ಟಳು. ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಆದರೂ ಯಾಕೋ ಎದ್ದು ನಿಂತಳು.

"ಇದೇನೇ ಕೋಟು? ಗುಂಡಿ ನೇತಾಡ್ತಿದೆ," ಎಂದು ಅಕ್ಕ ಒಳಗಿನಿಂದ ಸೂಜಿ-ದಾರ ತಂದಳು. ಕನ್ನಡಕ ಹಣೆಗೇರಿಸಿ, ದಾರದ ತುದಿಯನ್ನು ನಾಲಿಗೆಗೆ ಒತ್ತಿ ಮೊನೆಮಾಡಿಕೊಂಡಳು. ಅವಳು ಕೋಟು ಬಿಚ್ಚಲು ಹೋದಾಗ, "ಬೇಡ, ಹಾಗೇ ನಿಲ್ಲು. ಅಲ್ಲಾಡಬೇಡ," ಎಂದಳು ಅಕ್ಕ.

ಅವಳು ಉಸಿರು ಬಿಗಿಹಿಡಿದು ನಿಂತಳು. ಅಕ್ಕನ ತಲೆ ಅವಳ ಎದೆಯ ಹತ್ತಿರ ಬಾಗಿತ್ತು. ಬೈತಲೆಯ ಎರಡೂ ಕಡೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುಂಡಿ ಆಗಲೇ ಗಟ್ಟಿಯಾಗಿ ಕೂತಿತ್ತು. ಸೂಜಿ ಮಾತ್ರ ಇನ್ನೂ ಒಳಗೆ ಹೋಗಿ ಹೊರಗೆ ಬರುತ್ತಿತ್ತು.