ಕೊನೆಯ ಮಂಚದ ನಿದ್ದೆ

ಸರ್ಕಾರಕ್ಕೆ ಸಾಲ ಕೊಡುವಾಗಲೇ ವಿದೇಶಿ ಬ್ಯಾಂಕು ಹೊಸ ನರ್ಸುಗಳನ್ನು ತೆಗೆದುಕೊಳ್ಳಕೂಡದೆಂದು ಷರತ್ತು ಹಾಕಿತ್ತು. ಹೀಗಾಗಿ ಈ ಸರ್ಕಾರಿ ಆಸ್ಪತ್ರೆಯ ಎರಡು ವಾರ್ಡಿಗೂ ನರ್ಸಮ್ಮ ಒಬ್ಬಳೇ ಗತಿ. ಬ್ಯಾಂಕಿನ ಸಾಹೇಬರು ಆಸ್ಪತ್ರೆ ನೋಡಲು ಬರುವ ದಿನ, ಅವಳು ಪಕ್ಕದ ವಾರ್ಡಿನಲ್ಲಿ ಹೆಣಗುತ್ತಿದ್ದಾಗ, ಕೊನೆಯ ಮಂಚದ ಮುದುಕ ಹೇಳದೆ ಕೇಳದೆ ಪ್ರಾಣ ಬಿಟ್ಟಿದ್ದ.

"ಎದೆ ತನಕ ಹೊದಿಸಮ್ಮ, ಮಲಗಿದಾನೆ ಅಂದ್ಕೋತಾರೆ. ಸಾಹೇಬ್ರು ಆಗ್ಲೇ ಮೆಟ್ಟಿಲು ಹತ್ತುತಾ ಇದಾರೆ," ಎಂದು ಡಾಕ್ಟರು ಬೆವರೊರೆಸಿಕೊಂಡರು. ಅವಳು ಹೊದಿಸಿದಳು.

ಸಾಹೇಬರು ಮುದುಕನ ನಿದ್ದೆ ಕೆಡದಂತೆ ಪಿಸುಗುಟ್ಟಿದರು: "ಎಷ್ಟು ನೆಮ್ಮದಿಯಾಗಿದಾರೆ! ನೋಡಿ, ಒಬ್ಬ ನರ್ಸ್ ಸಾಕು."

ಅವರ ಕಾರು ಹೊರಟ ಮೇಲೆ ಗೇಟು ತೆರೆಯಿತು. ಸಾಹೇಬರ ಕಣ್ಣಿಗೆ ಬೀಳಬಾರದೆಂದು ಹೊರಗೆ ನಿಲ್ಲಿಸಿದ್ದ ಮುದುಕಿ, ಬಿಸಿನೀರಿನ ಫ್ಲಾಸ್ಕು ಹಿಡಿದು ಏದುಸಿರು ಬಿಡುತ್ತ ಬಂದಳು.

"ತಾಯೀ, ನಮ್ಮನೆಯವ್ರು ಎದ್ರಾ?"