ಕೈ ಸರಿ ಬಂದಿಲ್ಲ

ಮಹೇಶ್ವರಿ ಮನುಷ್ಯರ ಚಿತ್ರ ಬರೆಯುವುದು ಬಿಟ್ಟು ವರ್ಷವಾಗಿತ್ತು. ಕಾರಣ ಕೈ. ಅವಳ ಕೈಯಲ್ಲ, ಚಿತ್ರದೊಳಗಿನವರ ಕೈ.

ಹಿಂದಿನ ಬೇಸಿಗೆಯಲ್ಲಿ ಅವಳು ಧಾರವಾಡದ ಕಡೆಯ ಒಂದು ಚಿತ್ರಕಲಾ ಶಾಲೆಗೆ ಅರ್ಜಿ ಹಾಕಿ, ಜೊತೆಗೆ ಐದು ಚಿತ್ರ ಕಳಿಸಿದ್ದಳು. ಐದರಲ್ಲೂ ಅತ್ತಿಗೆ ಅನ್ನಪೂರ್ಣಳೇ ಇದ್ದಳು: ರೊಟ್ಟಿ ಬಡಿಯುವ ಅನ್ನಪೂರ್ಣ, ದಾಳಿಂಬೆ ಬಿಡಿಸುವ ಅನ್ನಪೂರ್ಣ, ಕೂತಲ್ಲೇ ತೂಕಡಿಸುವ ಅನ್ನಪೂರ್ಣ. ಹೇಳಿದಷ್ಟು ಹೊತ್ತು ಅಲುಗಾಡದೆ ಕೂರುವ ಮತ್ತೊಬ್ಬರು ಕುಷ್ಟಗಿಯಲ್ಲಿ ಸಿಕ್ಕಿರಲಿಲ್ಲ. ಆ ಶಾಲೆಗೆ ಇನ್ನೂ ಟಪಾಲಿನ ಮೇಲೇ ಭಕ್ತಿ. ಸೀಟು ಸಿಕ್ಕವರಿಗೆ ರಿಜಿಸ್ಟರ್ ಪತ್ರ, ಸಿಗದವರಿಗೆ ಮೌನ. ಮಹೇಶ್ವರಿಗೆ ಮೌನ ಬಂತು.

"ಕೈ ಸರಿ ಬಂದಿಲ್ಲ ಅಂತ ಬಿಟ್ಟಿರಬೇಕು ನೋಡ," ಎಂದಿದ್ದಳು ಅತ್ತಿಗೆ, ಚಹಾ ಸೋಸುತ್ತ. "ಆ ರೊಟ್ಟಿ ಚಿತ್ರದಾಗ ನನ್ನ ಬೆರಳು ಥೇಟ್ ಎಳೀ ಬದನಿಕಾಯಿ ಇದ್ದಂಗ ಕಾಣ್ತಾವ."

ಮಹೇಶ್ವರಿ ಆ ವಿಮರ್ಶೆಯನ್ನು ನಂಬಿದಳು. ಅಂದಿನಿಂದ ಬರೀ ಬಣ್ಣ. ಏನೂ ಯೋಚಿಸದೆ ಕೈ ಹೋದ ಕಡೆ ಬಿಡಿ, ಆಮೇಲೆ ಚಿತ್ರದ ಮುಂದೆ ಕೂತು ನಿಮ್ಮನ್ನು ನೀವೇ ಕೇಳಿಕೊಳ್ಳಿ ಎಂದು ಫೋನಿನ ವಿಡಿಯೊ ಒಂದರಲ್ಲಿ ಯಾರೋ ಹೇಳಿಕೊಟ್ಟಿದ್ದರು. ದಿನಾ ಸಂಜೆ, ಅಣ್ಣ ತಿರುಮಲೇಶ ಇರಕಲ್ಲಗಡದ ಶಾಲೆಯಲ್ಲಿ ಪಾಠ ಮುಗಿಸಿ ಬಂದು ಪೇಪರಿನ ಹಿಂದೆ ಮರೆಯಾದ ಮೇಲೆ, ಅವಳು ಅಡುಗೆಮನೆಯ ಹೊಸ್ತಿಲ ಬಳಿ ಹಾಳೆ ಹಾಸಿಕೊಳ್ಳುತ್ತಿದ್ದಳು. ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದೇ: ನನ್ನಲ್ಲಿ ಏನು ಕಡಿಮೆಯಿತ್ತು?

ಅತ್ತಿಗೆ ಪಕ್ಕದಲ್ಲೇ ಜೋಳ ಹಸನು ಮಾಡುತ್ತ ಕೂರುತ್ತಿದ್ದಳು.

"ಹಳದಿ ಭಾಳ ಆತು. ನಿನಗ ಪಿತ್ತ ಆಗೇತಿ."

"ವೈನಿ, ಇದು ನನ್ನ ಮನಸ್ಸು."

"ಮನಸ್ಸಿಗೇ ಪಿತ್ತ ಆಗೇತಿ ತಗೋ. ಶುಂಠಿ ಕಷಾಯ ಮಾಡ್ಲೇನು?"

ಇಬ್ಬರೂ ನಗುತ್ತಿದ್ದರು. ಹೀಗೆ ಎಂಬತ್ತು ಚಿತ್ರಗಳಾದವು. ಅಷ್ಟರಲ್ಲಿ ಮಹೇಶ್ವರಿ ತನ್ನೊಳಗೆ ಅವಸರ, ಹಮ್ಮು, ಹೊಟ್ಟೆಕಿಚ್ಚು, ಎಲ್ಲವನ್ನೂ ಪತ್ತೆ ಮಾಡಿದ್ದಳು. ವರ್ಷವಿಡೀ ಹುಡುಕಿದರೆ ಯಾರಲ್ಲಾದರೂ ಇವು ಸಿಗುತ್ತವೆ.

ಒಂದು ಭಾನುವಾರ ಕೈ ಎಲ್ಲಿಗೋ ಹೋಯಿತು. ಹಾಳೆಯ ತುಂಬ ಕೆನೆಬಣ್ಣದ ಚುಕ್ಕೆ, ಸಾವಿರಾರು. ಅವುಗಳ ಅಡಿಯಲ್ಲಿ ಸೊಟ್ಟಗೆ ಒಂದು ಖಾಕಿ ಚೌಕ. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಮೊರ ಹಿಡಿದು ಬಂದ ಅನ್ನಪೂರ್ಣ ಬಗ್ಗಿ ನೋಡಿದಳು. ಮೊರ ಓರೆಯಾಗಿ ಜೋಳ ನೆಲದ ಪಾಲಾಯಿತು.

"ಯಾವಾಗ ನೋಡಿದಿ?"

"ಏನನ್ನ?"

"ನಾಟಕ ಮಾಡಬ್ಯಾಡ. ಜ್ವಾಳದ ಡ್ರಮ್ಮಿನಾಗ ಯಾವಾಗ ಕೈ ಹಾಕಿದಿ ಹೇಳು!"

ಈ ಸೀಮೆಯ ಮನೆಗಳಲ್ಲಿ ಮುಖ್ಯವಾದದ್ದೆಲ್ಲ ಜೋಳದೊಳಗೆ ಇರುತ್ತದೆ: ಹೊಲದ ಪತ್ರ, ಬೆಂಡೋಲೆ, ಹೇಳಬಾರದ ಸುದ್ದಿ. ಮಹೇಶ್ವರಿ ಎದ್ದು ಹೋಗಿ ಡ್ರಮ್ಮಿನ ಮುಚ್ಚಳ ತೆಗೆದು, ಭುಜದವರೆಗೆ ತೋಳು ಇಳಿಸಿದಳು. ತಳದಲ್ಲಿ ಬೆರಳಿಗೆ ಕಾಗದದ ಮೂಲೆ ತಗುಲಿತು.

ಖಾಕಿ ಲಕೋಟೆ. ಹೋದ ಜೂನಿನ ಮುದ್ರೆ. ತಾವು ಆಯ್ಕೆಯಾಗಿದ್ದೀರಿ, ಹದಿನೈದು ದಿನದೊಳಗೆ ಹಾಜರಾಗಿ.

"ಸುಟ್ಟಿಲ್ಲಬೇ ಮಹೇಶಿ," ಅನ್ನಪೂರ್ಣಳ ದನಿ ಇಳಿಯಿತು. "ನಾನ ಸಹಿ ಮಾಡಿ ಇಸ್ಕೊಂಡ್ನಿ. ನಾಳೆ ಕೊಡೂಣು, ನಾಳೆ ಕೊಡೂಣು ಅಂದು ಅಂದು ದಿನ ಮುಗದ್ವು. ನೀ ಹೋದ್ರ ಈ ಮನ್ಯಾಗ ನನ್ನ ಜೋಡಿ ಮಾತಾಡಾವ್ರು ಯಾರ ಅದಾರ? ನಿಮ್ಮಣ್ಣಾರು ಪೇಪರಿನ ಹಿಂದಿಂದ ಹೂಂ ಅಂತಾರ. ಅಷ್ಟ."

"ಮತ್ತ ಕೈ? ಬದನಿಕಾಯಿ?"

ಅನ್ನಪೂರ್ಣ ನೆಲಕ್ಕೆ ಚೆಲ್ಲಿದ ಜೋಳವನ್ನು ಮೊರಕ್ಕೆ ಬಳಿಯತೊಡಗಿದಳು.

"ಕೈ ಛಲೋ ಬಂದಿದ್ವು."

ಸೀಟು ಹೋಗಿದ್ದಕ್ಕಿಂತ ಈ ಮಾತು ಹೆಚ್ಚು ನಾಟಿತು. ಸೀಟಿಗೆ ಇನ್ನೊಮ್ಮೆ ಅರ್ಜಿ ಹಾಕಬಹುದು. ಆದರೆ ಇಲ್ಲದ ಐಬನ್ನು ಅವಳು ಎಂಬತ್ತು ಸಲ ಅಗೆಯುವಾಗ, ನಿಜವನ್ನೆಲ್ಲ ಬಲ್ಲವಳು ಪಕ್ಕದಲ್ಲಿ ಕೂತು ಕಷಾಯ ಕುದಿಸಿದ್ದಳು.

ಮಹೇಶ್ವರಿ ಹೊಸ ಹಾಳೆ, ಪೆನ್ಸಿಲ್ ತೆಗೆದುಕೊಂಡಳು.

"ಕುಂದರ್‍ರಿ ವೈನಿ. ಕೈ ಮುಂದ ಮಾಡ್ರಿ."

"ಇದೇನಬೇ, ಬೀಗರಿಗೆ ಅಂದಂಗ ರೀ ಹಚ್ಚಿ ಮಾತಾಡ್ತಿ?"

ಮಹೇಶ್ವರಿ ಪೆನ್ಸಿಲ್ ಚೂಪು ಮಾಡಿದಳು. ಕ್ಷಮೆಯ ದಾರಿ ಇದೇ ಇರಬಹುದೆಂದು ಅನ್ನಪೂರ್ಣ ಎರಡೂ ಕೈ ಚಾಚಿ ಕೂತಳು, ಹಳೆಯ ಅಭ್ಯಾಸದಂತೆ ಅಲುಗಾಡದೆ. ಮಹೇಶ್ವರಿ ಯಾವುದನ್ನೂ ಬಿಡಲಿಲ್ಲ: ರೊಟ್ಟಿ ಹಂಚು ತಾಗಿದ ಕಲೆ, ಸವೆದ ಬಳೆ, ಉಗುರಿನಂಚಿನ ಹಿಟ್ಟು. ಮುಗಿಸಿದ ಮೇಲೆ ಹಾಳೆಯನ್ನು ಡ್ರಮ್ಮಿನ ಮೇಲಿನ ಗೋಡೆಗೆ ಅಂಟಿಸಿದಳು.

ತಿರುಮಲೇಶ ಪೇಪರ್ ಹಿಡಿದೇ ನೀರು ಕುಡಿಯಲು ಒಳಗೆ ಬಂದ.

"ಅಬಾ! ಜೀವ ಇದ್ದಂಗ ಅದಾವಲ್ಲ. ಯಾರ ಕೈ ಇವು?"

"ವೈನಿನ್ನ ಕೇಳು," ಎಂದಳು ಮಹೇಶ್ವರಿ, ಲಕೋಟೆಯನ್ನು ಚಿತ್ರದ ಕೆಳಗೆ ಒರಗಿಸಿಟ್ಟು.

ಅನ್ನಪೂರ್ಣ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ತಿರುಮಲೇಶ ಎಂದೂ ಮಾಡದ್ದನ್ನು ಮಾಡಿದ: ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು, ಹೆಂಡತಿ ಮಾತಾಡಲಿ ಎಂದು ಕಾಯುತ್ತ ನಿಂತ.